ದೆಹಲಿಯಲ್ಲಿ ಒಂದು ಹಾಡು ಮುಗಿಯುವ ತನಕ

ನಮ್ಮೂರಿನಿಂದ ದೆಹಲಿಗೆ ಹೋಗಿ ಬಂದವರೆಲ್ಲ ಕೆಂಪು ಕೋಟೆಯ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನಾನು ಅಲ್ಲಿ ಐದು ದಿನ ಇದ್ದೆ, ಕೆಂಪು ಕೋಟೆ ನೋಡಲಿಲ್ಲ. ನಾನು ನೋಡಿದ್ದು ಒಂದು ಹಾಡು. ಉದ್ದದಲ್ಲಿ ಅದು ಕೋಟೆಗೇನೂ ಕಡಿಮೆ ಇರಲಿಲ್ಲ. ಅದನ್ನೂ ಪೂರ್ತಿ ನೋಡಲಿಲ್ಲ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತಿಪಟೂರು, ಹೊರಡುವ ಮುಂಚೆ

ನನ್ನದು ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅದಕ್ಕೂ ಮೊದಲು ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ನಾನು ಹಾಡುತ್ತಿರಲಿಲ್ಲ, ಬಾರಿಸುತ್ತಲೂ ಇರಲಿಲ್ಲ. ಪಟ್ಟಿ ನೋಡಿಕೊಳ್ಳುತ್ತಿದ್ದೆ. ಯಾವ ಹಾಡಿನ ಮೇಲೆ ಯಾವ ಹಾಡು, ಯಾರ ಚೀಟಿ ಮೊದಲು, ಯಾರನ್ನು ಎರಡು ಹಾಡು ಕಾಯಿಸಬಹುದು, ಎಲ್ಲ ನನ್ನ ಜೇಬಿನಲ್ಲಿ ಇರುತ್ತಿತ್ತು. ಜನ ಚೀಟಿಯಲ್ಲಿ ಹಾಡಿನ ಹೆಸರು ಬರೆದು ಕಳಿಸುತ್ತಿದ್ದರು. ಹಾಡುತ್ತಿರುವವರು ಜಾಸ್ತಿ ಎಳೆದರೆ ನಾನೂ ಒಂದು ಚೀಟಿ ಬರೆದು ಕೀಬೋರ್ಡಿನ ಮೇಲೆ ಇಡುತ್ತಿದ್ದೆ. ‘ಸಾಕು. ಮುಂದಿನದು.’ ಅಷ್ಟೇ. ನನ್ನ ಚೀಟಿಗೆ ಯಾರೂ ಎದುರಾಡುತ್ತಿರಲಿಲ್ಲ.

ತಂಗಿ ನಳಿನಿ ದೆಹಲಿ ಸೇರಿ ಹದಿನಾಲ್ಕು ವರ್ಷವಾಯಿತು. ಗುರುಗ್ರಾಮದ ಒಂದು ಆಫೀಸಿನಲ್ಲಿ ಕೆಲಸ, ಪೀತಮ್‌ಪುರದಲ್ಲಿ ಮನೆ. ರಜೆಯ ದಿನ ಒಂದು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾಳೆ. ಬ್ಯಾಂಡಿನ ಹೆಸರು ‘ಲಂಬಾ ರಾಸ್ತಾ’, ಅಂದರೆ ಉದ್ದದ ದಾರಿ. ಎಚ್ಚರಿಕೆಯನ್ನು ಹೆಸರಿನಲ್ಲೇ ಬರೆದುಕೊಂಡಿದ್ದಾರೆ, ನಾನೇ ಓದಿಕೊಳ್ಳಲಿಲ್ಲ. ಇಂಥವರನ್ನು ಜಾಮ್ ಬ್ಯಾಂಡ್ ಅನ್ನುತ್ತಾರಂತೆ. ಒಂದು ಹಾಡು ಶುರುಮಾಡುತ್ತಾರೆ, ಎರಡು ಸಾಲು ಹಾಡುತ್ತಾರೆ, ಆಮೇಲೆ ಹಾಡನ್ನು ಅಲ್ಲೇ ಬಿಟ್ಟು ಐದು ಜನ ಐದು ದಿಕ್ಕಿಗೆ ನುಡಿಸುತ್ತ ಹೊರಟುಬಿಡುತ್ತಾರೆ. ಯಾವಾಗಲೋ ಒಬ್ಬನಿಗೆ ನೆನಪಾಗುತ್ತದೆ. ಆಗ ಎಲ್ಲರೂ ವಾಪಸ್ಸು ಬಂದು ಮಿಕ್ಕ ಎರಡು ಸಾಲು ಹಾಡುತ್ತಾರೆ. ಮೇಯಲು ಬಿಟ್ಟ ದನ ಸಂಜೆ ಕೊಟ್ಟಿಗೆಗೆ ಬರುವುದೂ ಹೀಗೆಯೇ. ಆದರೆ ದನ ನೋಡುವುದಕ್ಕೆ ಯಾರೂ ಟಿಕೆಟ್ ಇಡುವುದಿಲ್ಲ.

ಹಾಗಂತ ನಾನು ಅವರ ಶತ್ರುವಲ್ಲ. ತಿಪಟೂರಿನಲ್ಲಿ ಆ ಬ್ಯಾಂಡಿಗೆ ಅಭಿಮಾನಿ ಯಾರಾದರೂ ಇದ್ದರೆ ನಾನೊಬ್ಬನೇ. ಅವರ ಮೊದಲ ಹಾಡುಗಳಲ್ಲಿ ಒಂದು ಬಸ್ಸಿನ ಮೇಲಿದೆ. ಬೆಳಿಗ್ಗೆ ಬಸ್ಸಿಗೆ ಕಾದು, ಅದು ನಿಲ್ಲದೆ ಹೋದಾಗ ಹಿಂದೆ ಓಡುವವನ ಹಾಡು. ಡೋಲಕ್ಕು, ಗಿಟಾರು, ನಳಿನಿಯ ಕೀಬೋರ್ಡು ಮೂರೂ ಒಟ್ಟಿಗೆ ಓಡುತ್ತವೆ. ಐದು ವರ್ಷದಿಂದ ಯಾವ ಛತ್ರದಲ್ಲಿ ಮೈಕ್ ಕಟ್ಟಿದರೂ ಸ್ಪೀಕರ್ ಪರೀಕ್ಷೆಗೆ ನಾನು ಹಾಕುವುದು ಅದೇ ಹಾಡು. ನಮ್ಮ ತಾಲ್ಲೂಕಿನ ಬಾಣಸಿಗರೆಲ್ಲ ಅದಕ್ಕೆ ತಲೆ ಆಡಿಸಿಕೊಂಡೇ ಈರುಳ್ಳಿ ಹೆಚ್ಚುತ್ತಾರೆ. ನಾಲ್ಕು ನಿಮಿಷಕ್ಕೆ ಸ್ಪೀಕರ್ ಸರಿಯಿದೆ ಅಂತ ಗೊತ್ತಾಗುತ್ತದೆ, ನಿಲ್ಲಿಸುತ್ತೇನೆ. ಹಾಡು ಹದಿನಾರು ನಿಮಿಷ ಇದೆಯಂತೆ. ಇರಲಿ.

ಆಮೇಲಾಮೇಲೆ ನಳಿನಿ ಕಳಿಸುತ್ತಿದ್ದ ರೆಕಾರ್ಡಿಂಗುಗಳು ಬೆಳೆಯುತ್ತ ಹೋದವು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು. ನಾನು ಎರಡು ನಿಮಿಷ ಕೇಳಿ ‘ಬೆಂಕಿ’ ಅಂತ ಬರೆದು ಕಳಿಸುತ್ತಿದ್ದೆ. ದಸರೆ ಕಳೆದ ಮೇಲೆ ನಲವತ್ತೊಂದು ನಿಮಿಷದ್ದು ಒಂದು ಬಂತು. ಅದಕ್ಕೂ ‘ಬೆಂಕಿ’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ನಳಿನಿ ಕೇಳಿದಳು, “ಪೂರ್ತಿ ಕೇಳಿದ್ಯಾ?” “ಹೂಂ” ಅಂದೆ. “ಏನೂ ಅನ್ನಿಸ್ಲಿಲ್ವಾ?” “ಅದೇ, ಬೆಂಕಿ ಅಂದ್ನಲ್ಲ” ಅಂದೆ. ಅವಳು ಎರಡು ತಿಂಗಳಾದ ಮೇಲೆ ಫೋನ್ ಮಾಡಿ, “ಅಣ್ಣ, ಒಂದ್ಸಲ ಬಂದು ಎದುರಿಗೇ ಕೇಳು. ಟಿಕೆಟ್ ಮಾಡಿಸ್ತೀನಿ” ಅಂದಳು.

ಪೀತಮ್‌ಪುರ

ದೆಹಲಿಯಲ್ಲಿ ಗಂಡಸರೆಲ್ಲ ಒಬ್ಬರಿಗೊಬ್ಬರು ಭಯ್ಯಾ. ಆಟೋದವನು ಭಯ್ಯಾ, ಹಾಲಿನವನು ಭಯ್ಯಾ, ಜಗಳಕ್ಕೆ ನಿಂತವನೂ ಭಯ್ಯಾ. ಕಾಲರ್ ಹಿಡಿದುಕೊಂಡೇ ಭಯ್ಯಾ ಅನ್ನುತ್ತಾರೆ. ನನ್ನನ್ನು ಮಾತ್ರ ಸ್ಟೇಷನ್ನಿನಲ್ಲಿ ಇಳಿದ ಗಳಿಗೆಯಿಂದ ಅಂಕಲ್ ಮಾಡಿಬಿಟ್ಟರು. ಮೀಸೆಗೆ ಬಣ್ಣ ಹಚ್ಚಿಕೊಂಡು ಹೋಗಿದ್ದೆ, ಉಪಯೋಗವಾಗಲಿಲ್ಲ.

ನಳಿನಿಯ ಗಂಡ ಆಫೀಸಿನ ಕೆಲಸಕ್ಕೆ ಚಂಡೀಗಢಕ್ಕೆ ಹೋಗಿದ್ದರು. ಮನೆಯಲ್ಲಿ ನಳಿನಿ ಮತ್ತು ಮಗಳು ಇರಾ. ಇರಾಗೆ ಹನ್ನೊಂದು ವರ್ಷ. ಕನ್ನಡ ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಆಡುವಾಗ ಅರ್ಧಕ್ಕೆ ಹಿಂದಿಗೆ ಜಾರುತ್ತಾಳೆ. ನನ್ನ ಮಂಕಿ ಕ್ಯಾಪ್ ನೋಡಿ, “ಮಾಮಾ, ಆಪ್ ಬ್ಯಾಂಕ್ ಲೂಟ್ನೇ ಬಂದಿದೀರಾ?” ಅಂತ ಕೇಳಿದಳು.

ಊಟಕ್ಕೆ ಕೂತಾಗ ನಳಿನಿ ತಟ್ಟೆಗೆ ಮುದ್ದೆ ಹಾಕುತ್ತ ಹೇಳಿದಳು, “ಅಣ್ಣ, ಒಂದೇ ಒಂದು ಮಾತು. ಭಾನುವಾರ ನಮ್ಮ ಪ್ರೋಗ್ರಾಮಲ್ಲಿ ಕೊನೇವರೆಗೂ ಕೂತಿರ್ಬೇಕು. ಚೆನ್ನಾಗಿದೆ ಅನ್ಬೇಡ, ಚೆನ್ನಾಗಿಲ್ಲ ಅಂತ್ಲೂ ಅನ್ಬೇಡ. ಕೂತಿರು ಅಷ್ಟೆ.”

“ಕೂರ್ದೆ ಎಲ್ಲಿಗೆ ಹೋಗ್ತೀನಿ? ನಂಗೆ ಈ ಊರಲ್ಲಿ ದಾರಿ ಗೊತ್ತಾ?”

“ನಿಂಗೆ ದಾರಿ ಗೊತ್ತಿಲ್ಲ, ತಾಳ್ಮೆ ಗೊತ್ತಿದ್ಯಾ?” ಅಂದಳು. ನಗುತ್ತಲೇ ಅಂದಳು. ಮುದ್ದೆ ಗಂಟಲಲ್ಲಿ ನಿಂತಿತು.

ಯಾಕೆ ನಿಂತಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ, ಗಣಪತಿ ಕೂರಿಸಿದ ಒಂದು ಪೆಂಡಾಲಿನಲ್ಲಿ ನಳಿನಿ ಮೊದಲ ಸಲ ಒಬ್ಬಳೇ ಹಾಡಲು ನಿಂತಳು. ಅವಳಿಗೆ ಹದಿನಾರು. ಸಿನಿಮಾ ಹಾಡು ಬೇಡ ಅಂದು ಅಮ್ಮನ ಹಾಡು ಹಾಡಿದಳು. ಅಮ್ಮ ರಾಗಿ ಕೇರುವಾಗ ಹಾಡುತ್ತಿದ್ದ ಹಾಡು ಅದು. ಒಬ್ಬಳು ಹೆಂಗಸು ಏಳು ಮನೆಗೆ ಹೋಗಿ ಒಂದೊಂದು ಮನೆಯಲ್ಲಿ ಒಂದೊಂದು ಸಾಮಾನು ಕೇಳುತ್ತಾಳೆ. ಒಂದನೆ ಮನೆಯಾಕೆ ಉಪ್ಪು ಕೊಟ್ಟಳು, ಎರಡನೆ ಮನೆಯಾಕೆ ಬೆಂಕಿ ಕೊಟ್ಟಳು, ಹೀಗೆ. ನಿಧಾನದ ಹಾಡು. ಹಿಂದೆ ಹುಡುಗರು ಶಿಳ್ಳೆ ಹಾಕತೊಡಗಿದರು. ಊರಿನ ದೊಡ್ಡ ಮನುಷ್ಯರೊಬ್ಬರ ಚೀಟಿ ನನ್ನ ಕೈಯಲ್ಲಿತ್ತು, ಅವರು ಕುರ್ಚಿಯಲ್ಲಿ ಕಾಲು ಕುಣಿಸುತ್ತ ನನ್ನನ್ನೇ ನೋಡುತ್ತಿದ್ದರು. ಮೂರನೆ ಮನೆ ಬರುವ ಹೊತ್ತಿಗೆ ನಾನು ಬರೆದು ಇಟ್ಟೆ. ‘ಸಾಕು. ಮುಂದಿನದು.’

ನಳಿನಿ ಚೀಟಿ ಓದಿ, ಸಾಲಿನ ಮಧ್ಯದಲ್ಲೇ ನಿಲ್ಲಿಸಿ, ಮೈಕಿನಲ್ಲಿ ಧನ್ಯವಾದ ಹೇಳಿ ಇಳಿದಳು. ಆಮೇಲೆ ನಮ್ಮ ಆರ್ಕೆಸ್ಟ್ರಾದಲ್ಲಿ ಅವಳು ಹಾಡಲಿಲ್ಲ. ಓದಿದಳು, ಕೆಲಸ ಹಿಡಿದಳು, ನಮ್ಮಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋದಳು. ಆ ಚೀಟಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮ ಹೋದಾಗ ಬಂದಿದ್ದಳು, ಆಗಲೂ ಇಲ್ಲ.

ಆದ್ದರಿಂದ ಆ ದಿನ ಪೀತಮ್‌ಪುರದಲ್ಲಿ ಮುದ್ದೆ ನುಂಗಿಕೊಂಡು, “ಕೂತಿರ್ತೀನಿ ಕಣೆ” ಅಂದೆ. ಮನಸ್ಸಿನಿಂದಲೇ ಅಂದೆ.

ಕರೋಲ್ ಬಾಗ್, ಶನಿವಾರ

ದೆಹಲಿಯ ಚಳಿಗೆ ನಮ್ಮ ಸ್ವೆಟರ್ ಸಾಲುವುದಿಲ್ಲ ಎಂದು ನಳಿನಿ ಕರೋಲ್ ಬಾಗಿಗೆ ಕರೆದುಕೊಂಡು ಹೋದಳು. ಅಲ್ಲಿ ಸೈಕಲ್ ರಿಕ್ಷಾ, ಜನ, ಕಡಲೆಕಾಯಿ ಗಾಡಿ ಎಲ್ಲ ಒಂದರೊಳಗೊಂದು ಹೊಕ್ಕು ನಡೆಯುತ್ತವೆ. ಯಾರೂ ನಿಲ್ಲುವುದಿಲ್ಲ, ಯಾರಿಗೂ ತಾಗುವುದಿಲ್ಲ. ತಾಗುವುದು ನಮ್ಮಂಥವರಿಗೆ ಮಾತ್ರ. ಒಂದು ರಿಕ್ಷಾದ ಚಕ್ರ ನನ್ನ ಚಪ್ಪಲಿಯ ಮೇಲೆ ಹತ್ತಿಳಿಯಿತು. ರಿಕ್ಷಾದವನು ತಿರುಗಿ, “ಅಂಕಲ್, ಪಾಂವ್ ಸಂಭಾಲ್ಕೇ” ಎಂದ. ಚಕ್ರ ಅವನದು, ಕಾಲು ಜೋಪಾನ ಮಾಡಬೇಕಾದವನು ನಾನು.

ಸ್ವೆಟರ್ ಅಂಗಡಿಯವನನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಅವನು ಮೊದಲು ಸುಮಾರಾದ ಒಂದನ್ನು ತೋರಿಸಿದ. ಎರಡನೆಯದು ಅದಕ್ಕಿಂತ ಚೆನ್ನಾಗಿತ್ತು. ಮೂರನೆಯದನ್ನು ಬೇಕೆಂದೇ ಕೆಟ್ಟದಾಗಿ ತೆಗೆದ. ನನ್ನ ಮುಖ ಸಪ್ಪಗಾಗುತ್ತಿದ್ದ ಹಾಗೆ ನಾಲ್ಕನೆಯದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಯೇಬಿಟ್ಟ. ಮುಗಿಯಿತು, ನಾನು ಬಿದ್ದುಹೋದೆ. ಪಟ್ಟಿ ಮಾಡುವುದು ಅಂದರೆ ಇದು. ಇವನು ನಮ್ಮ ಆರ್ಕೆಸ್ಟ್ರಾದಲ್ಲಿ ಇದ್ದಿದ್ದರೆ ಇವತ್ತಿಗೂ ಆರ್ಕೆಸ್ಟ್ರಾ ನಡೆಯುತ್ತಿತ್ತು. ಮಾರನೆಯ ದಿನ ‘ಲಂಬಾ ರಾಸ್ತಾ’ದವರನ್ನು ಕಂಡಾಗಲೆಲ್ಲ ಇವನೇ ನೆನಪಾಗುತ್ತಿದ್ದ.

ಮೆಟ್ರೊ, ಭಾನುವಾರ

ನಳಿನಿ ಬೆಳಿಗ್ಗೆಯೇ ವಾದ್ಯಗಳ ಜೊತೆ ಹೊರಟಳು. ಊಟ ಮುಗಿಸಿ ನಾನು, ಇರಾ ಮೆಟ್ರೊ ಹತ್ತಲು ಹೋದೆವು. ಸೆಕ್ಯೂರಿಟಿಯವನು ಮೈ ತಡವಿದಾಗ ನನ್ನ ಜೇಬಿನಲ್ಲಿ ಟೆಸ್ಟರ್ ಸಿಕ್ಕಿತು. ಕರೆಂಟ್ ಇದೆಯಾ ಇಲ್ಲವಾ ಎಂದು ನೋಡುವ ಸ್ಕ್ರೂಡ್ರೈವರು. ಮದುವೆಯ ದಿನವೂ ನಾನು ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ತಾಳಿ ಕಟ್ಟಿದವನು.

“ಇದ್ಯಾಕೆ?” ಅಂತ ಹಿಂದಿಯಲ್ಲಿ ಕೇಳಿದ.

“ಕರೆಂಟ್ ದೇಖ್ನೇ ಕೋ.”

“ದೆಹಲಿಯ ಕರೆಂಟ್ ನೋಡಲು ಕರ್ನಾಟಕದಿಂದ ಬಂದೆಯಾ?” ಎಂದು ಅವನು, ಅವನ ಹಿಂದಿನವನು, ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಡೆಗೆ ಇರಾ, “ಭಯ್ಯಾ, ಮಾಮಾ ಸೌಂಡ್ ವಾಲೇ ಹೈಂ” ಎಂದು ಬಿಡಿಸಿಕೊಂಡಳು. ಟೆಸ್ಟರ್ ಅವನ ಡಬ್ಬಿಗೆ ಹೋಯಿತು. ನಾನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಬಿಟ್ಟ. ಎರಡರಲ್ಲಿ ಅಪಾಯದ್ದು ಯಾವುದು ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೌಜ್ ಖಾಸ್, ಮೊದಲ ಹಾಡು

ಒಂದು ದೊಡ್ಡ ಹುಲ್ಲುಹಾಸು. ಚಳಿಗಾಲದ ಎಳೆ ಬಿಸಿಲು. ಕುರ್ಚಿ ಇಲ್ಲ, ಎಲ್ಲರೂ ನೆಲದ ಮೇಲೆ ಚಾದರ ಹಾಸಿಕೊಂಡು ಮಲಗಿದ್ದರು. ಶಾಮಿಯಾನದವನ ಕಣ್ಣಿಗೆ ಇದು ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆದರೂ ಹೇಳುತ್ತೇನೆ, ಕಾರ್ಯಕ್ರಮಕ್ಕೆ ಬಂದು ಶುರುವಾಗುವ ಮೊದಲೇ ಮಲಗಿಕೊಂಡ ಜನ ನಾನು ಬೇರೆ ಎಲ್ಲೂ ನೋಡಿಲ್ಲ. ಅನುಭವಸ್ಥರು.

ಮೊದಲ ಹಾಡು ಜನರನ್ನು ಎಬ್ಬಿಸಬೇಕು. ಇದು ತಿಪಟೂರಿನ ಬಾಣಸಿಗನಿಗೂ ಗೊತ್ತು. ಇವರು ಎಬ್ಬಿಸಲಿಲ್ಲ. ಗಿಟಾರಿನ ಕಬೀರ್ ಎನ್ನುವವನು, ಇಡೀ ಬ್ಯಾಂಡಿಗೆ ಅವನೇ ಯಜಮಾನ, ಕಣ್ಣು ಮುಚ್ಚಿ ಒಂದೇ ಸ್ವರವನ್ನು ಮೀಟಿ ಬಿಟ್ಟ. ಅದು ಹೋಗಿ ಎಲ್ಲೋ ಮುಟ್ಟಿ ಬರಲಿ ಎಂದು ಕಾದ. ಮತ್ತೆ ಮೀಟಿದ. ತನ್ನ ಶೂ ನೋಡಿದ. ಶೂ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ನಾನು ಇರಾಳನ್ನು ಕೇಳಿದೆ, “ಯಾವ್ದಾದ್ರೂ ವಯರ್ ಕಿತ್ತೋಗಿದ್ಯಾ?”

“ಮಾಮಾ, ಶುರು ಹೋ ಗಯಾ. ಇದೇ ಹಾಡು.”

ನಾನು ಸೌಂಡ್ ಆಪರೇಟರ್ ಕಡೆ ನೋಡಿದೆ. ನಮ್ಮ ಕಸುಬಿನವನು ಸುಳ್ಳು ಹೇಳುವುದಿಲ್ಲ. ಅವನು ಮೊದಲ ಸ್ವರಕ್ಕೇ ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದ್ದ. ನಿಧಾನವಾಗಿ, ನಾರು ಕೂಡ ಬಿಡಿಸಿ, ತೊಳೆ ತೊಳೆಯಾಗಿ ತಿಂದ. ಇನ್ನೊಂದು ತೆಗೆದ. ನಾನು ಗಡಿಯಾರ ನೋಡುವುದು ಬಿಟ್ಟು ಕಿತ್ತಳೆ ಎಣಿಸತೊಡಗಿದೆ. ಮೊದಲ ಹಾಡು ಮೂರು ಕಿತ್ತಳೆ ಹಿಡಿಯಿತು. ಅಷ್ಟೂ ಹೊತ್ತು ಅವನ ಕೈ ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. ಮುಟ್ಟುವಂಥದ್ದು ಏನೂ ಆಗಲಿಲ್ಲ.

ಮಧ್ಯದಲ್ಲಿ ಜನ ಚಪ್ಪಾಳೆ ತಟ್ಟಿದರು. ಮುಗಿಯಿತು ಅಂದುಕೊಂಡು ನಾನು ಎದ್ದು ನಿಂತು ಪಂಚೆ ಕೊಡವಿಕೊಂಡೆ. ಪಕ್ಕದ ಚಾದರದಲ್ಲಿದ್ದ ಜುಟ್ಟಿನವನೊಬ್ಬ ಪ್ರೀತಿಯಿಂದ, “ಅಂಕಲ್, ಬೈಠಿಯೇ. ಅಭೀ ತೋ ಬಾಕಿ ಹೈ” ಅಂದ. ಕೂತೆ. ಅದು ಡ್ರಮ್ಮಿನವನ ಸರದಿಗೆ ಹೊಡೆದ ಚಪ್ಪಾಳೆ. ಆಮೇಲೆ ಬೇಸ್ ಗಿಟಾರಿನವನ ಸರದಿಗೆ ಇನ್ನೊಂದು ಸಲ ತಟ್ಟಿದರು, ಮತ್ತೆ ಎದ್ದೆ. “ಬೈಠಿಯೇ ಅಂಕಲ್.” ಮೂರನೆಯ ಸಲ ನಾನು ಏಳುವ ಮೊದಲೇ ಆರೇಳು ಜನ ಒಟ್ಟಿಗೆ “ಬೈಠಿಯೇ” ಅಂದರು. ಅಷ್ಟರಲ್ಲಿ ನಾನೂ ಕಾರ್ಯಕ್ರಮದ ಒಂದು ಭಾಗವಾಗಿದ್ದೆ. ಹಾಡಿಗಿಂತ ಹೆಚ್ಚು ಏರಿಳಿತ ನನ್ನಲ್ಲಿತ್ತು.

ಅಲ್ಲೇ, ಎರಡನೇ ಹಾಡು

ಎರಡನೆಯದೂ ನಿಧಾನದ್ದೇ. ಶ್ರುತಿಯೂ ಅದೇ, ನಡೆಯೂ ಅದೇ. ಮೊದಲ ಹಾಡಿಗೆ ಬೇಜಾರಾಗಿ ಕೂತಿದ್ದವರಿಗೆ ಅದರ ತಮ್ಮನನ್ನು ಕರೆದು ತೋರಿಸಿದ ಹಾಗೆ. ಬಿಸಿಲು ಇಳಿಯುತ್ತಿತ್ತು. ಜನ ಶಾಲು ಹೊದೆಯುತ್ತಿದ್ದರು. ಮೈ ತಣ್ಣಗಾಗುವ ಹೊತ್ತಿಗೆ ಓಟದ ಹಾಡು ಹಾಕಬೇಕು, ಬಸ್ಸಿನ ಹಾಡು ಇರುವುದೇ ಅದಕ್ಕೆ. ಕಬೀರ್ ಮತ್ತೆ ಶೂ ನೋಡಿಕೊಂಡ.

ನಳಿನಿಯ ಬಗ್ಗೆ ನಾನು ಏನೂ ಹೇಳಿಲ್ಲ. ಅವಳು ಎಡಗಡೆಯ ಮೂಲೆಯಲ್ಲಿ ಕೀಬೋರ್ಡಿನ ಹಿಂದೆ ನಿಂತಿದ್ದಳು. ಅವಳ ಮುಂದೆ ಒಂದು ಮೈಕ್ ಇತ್ತು. ಬರೀ ಕೀಬೋರ್ಡ್ ನುಡಿಸುವವಳಿಗೆ ಮೈಕ್ ಯಾಕೆ ಅಂತ ನಾನು ಕೇಳಿಕೊಳ್ಳಲಿಲ್ಲ. ಹದಿನೈದು ವರ್ಷ ಮೈಕ್ ಕಟ್ಟಿದವನು ನಾನು! ಸ್ಟೇಜಿನ ಮೇಲೆ ಒಂದು ಮೈಕ್ ಇದ್ದರೆ ಅದಕ್ಕೆ ಕಾರಣ ಇರುತ್ತದೆ ಎನ್ನುವುದನ್ನು ಹುಡುಗರಿಗೆ ಪಾಠ ಹೇಳಿದವನು.

ಐದನೇ ಕಿತ್ತಳೆಯ ಹೊತ್ತಿಗೆ ಇರಾ ಮೊಮೊ ತರುತ್ತೇನೆ ಎಂದು ಎದ್ದಳು. ಹೋಗುವಾಗ, “ಮಾಮಾ, ಎಲ್ಲೂ ಹೋಗ್ಬೇಡಿ. ಅಚ್ಛಾ ವಾಲಾ ಪಾರ್ಟ್ ಬರುತ್ತೆ, ಅಷ್ಟ್ರಲ್ಲಿ ಬರ್ತೀನಿ” ಅಂದಳು. ಚೆನ್ನಾಗಿರುವ ಭಾಗ ಮೊಮೊ ತಂದ ಮೇಲೆ ಬರುವುದಾದರೆ ಅಲ್ಲಿಯವರೆಗಿನದು ಯಾಕೆ ಬೇಕಿತ್ತು ಅಂತ ನಾನು ಯೋಚಿಸಿದೆ.

ಈಗ ತಪ್ಪಿನ ವಿಷಯ. ನಾನು ಎದ್ದು ಹೋಗಲಿಲ್ಲ, ಕೂತೇ ಇದ್ದೆ. ತಂಗಿಗೆ ಕೊಟ್ಟ ಮಾತಿನ ಅಕ್ಷರ ಒಂದೂ ಮುರಿಯಲಿಲ್ಲ. ಆದರೆ ಡ್ರಮ್ಮು ನಿಂತಿತು, ಬೇಸ್ ನಿಂತಿತು, ಕೀಬೋರ್ಡಿನ ಒಂದೇ ಎಳೆ ಉಳಿಯಿತು. ಹಿಂದೆ ಯಾರೋ ಆಕಳಿಸಿದ ಸದ್ದು ಕೇಳಿತು. ಆ ಸದ್ದು ಕೇಳಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದೆ. ಇರಾ ಆಗಲೇ ಏನೋ ತಿಂದು ಬಿಟ್ಟುಹೋಗಿದ್ದ ಕಾಗದದ ತಟ್ಟೆಯ ಅಂಚು ಹರಿದೆ. ಬರೆದೆ. ‘ಸಾಕು. ಬಸ್ಸಿನ ಹಾಡು ಹಾಕಿ.’ ನೀರಿನ ಬಾಟಲಿ ಹಂಚುತ್ತ ಸ್ಟೇಜಿನ ಕಡೆ ಹೊರಟಿದ್ದ ಹೆಂಗಸಿಗೆ ಕೂತಲ್ಲಿಂದಲೇ ಕೊಟ್ಟು, ಗಿಟಾರಿನವನಿಗೆ ಕೊಡಿ ಎಂದು ಕೈಸನ್ನೆ ಮಾಡಿದೆ.

ಕಬೀರ್ ಚೀಟಿ ತೆಗೆದುಕೊಂಡ. ತಲೆಕೆಳಗೆ ಹಿಡಿದು ನೋಡಿದ, ನೆಟ್ಟಗೆ ಹಿಡಿದು ನೋಡಿದ. ನನಗೆ ಬರೆಯಲು ಬರುವುದು ಕನ್ನಡ ಒಂದೇ. ಆ ಸ್ಟೇಜಿನ ಮೇಲೆ ಕನ್ನಡ ಓದಲು ಬರುವವರು ಒಬ್ಬರೇ. ಇದು ಬರೆಯುವಾಗ ನನಗೆ ಹೊಳೆಯಲಿಲ್ಲ. ಅವನು ನಗುತ್ತ ನಡೆದುಹೋಗಿ ಅದನ್ನು ನಳಿನಿಯ ಕೀಬೋರ್ಡಿನ ಮೇಲೆ ಇಟ್ಟ.

ಸರಿಯಾಗಿ ನಾನು ಇಡುತ್ತಿದ್ದ ಜಾಗದಲ್ಲಿ.

ನಳಿನಿ ಆಗ ಮೈಕಿನ ಕಡೆಗೆ ಬಾಗಿದ್ದಳು. ಬಾಯಿ ತೆರೆದಿದ್ದಳು ಅಂತಲೂ ಈಗ ಅನ್ನಿಸುತ್ತದೆ. ಚೀಟಿ ಓದಿದಳು. ಜನರ ಕಡೆ ನೋಡಲಿಲ್ಲ. ಮೈಕನ್ನು ಪಕ್ಕಕ್ಕೆ ತಿರುಗಿಸಿ, ಡ್ರಮ್ಮಿನವನಿಗೆ ಏನೋ ಹೇಳಿ ತಲೆ ಆಡಿಸಿದಳು. ಬಸ್ಸಿನ ಹಾಡು ಶುರುವಾಯಿತು.

ನಿಜ ಹೇಳಬೇಕು. ಮಲಗಿದ್ದವರೆಲ್ಲ ಎದ್ದರು. ಜುಟ್ಟಿನವನು ಕುಣಿದ, ಸೌಂಡ್ ಆಪರೇಟರ್ ಕಿತ್ತಳೆ ಕೆಳಗಿಟ್ಟ, ನಾನೂ ಮಂಕಿ ಕ್ಯಾಪ್ ಬೀಸಿ ಕುಣಿದೆ. ಪಟ್ಟಿ ಅಂದರೆ ಹೀಗಿರಬೇಕು, ದೆಹಲಿಗೂ ನಾನೇ ಬಂದು ಕಲಿಸಬೇಕಾಯಿತು ಎಂದು ಹೆಮ್ಮೆ ಪಟ್ಟೆ.

ಇರಾ ಎರಡು ಕೈಯಲ್ಲಿ ಮೊಮೊ ಹಿಡಿದು ಓಡಿ ಬಂದಳು. “ಮಾಮಾ! ಬಸ್ ವಾಲಾ ಗಾನಾ ಯಾಕೆ? ಅಮ್ಮಂದು ಆಯ್ತಾ?”

“ಯಾವ್ದು ಅಮ್ಮಂದು?”

“ಅರೇ, ಅಜ್ಜೀದು. ಏಳು ಮನೆ ಹಾಡು. ಆ ಸ್ಲೋ ವಾಲಾ ಹಾಡಿನ ಮಧ್ಯದಲ್ಲಿ ಅಮ್ಮ ಹಾಡ್ತಾಳೆ. ಅದಕ್ಕೋಸ್ಕರಾನೇ ಅಲ್ವಾ ನಿಮ್ಮನ್ನ ಕರೆಸಿದ್ದು?” ಎಂದವಳು ನನ್ನ ಕೈಯಲ್ಲಿದ್ದ ಪೆನ್ಸಿಲ್ ನೋಡಿದಳು. ಹರಿದ ತಟ್ಟೆ ನೋಡಿದಳು. ಮೊಮೊ ನನ್ನ ಮುಂದೆ ಇಟ್ಟು ಸ್ವಲ್ಪ ದೂರ ಹೋಗಿ ಕೂತಳು.

ಬಸ್ಸಿನ ಹಾಡು ಅವತ್ತು ಪೂರ್ತಿ ಕೇಳಿದೆ. ಹದಿನಾರು ನಿಮಿಷ. ಯಾರೂ ಬೈಠಿಯೇ ಅನ್ನಬೇಕಾಗಲಿಲ್ಲ.

ವಾಪಸ್ಸು, ಮೆಟ್ರೊದಲ್ಲಿ

ಮೂವರಿಗೂ ಒಂದೇ ಕಡೆ ಸೀಟು ಸಿಕ್ಕಿತು. ನಳಿನಿ ಕಣ್ಣು ಮುಚ್ಚಿಕೊಂಡಿದ್ದಳು. ಎರಡು ಸ್ಟೇಷನ್ ಆದ ಮೇಲೆ ಕಣ್ಣು ಬಿಡದೆಯೇ ಕೇಳಿದಳು, “ಕೂತಿದ್ಯಾ ಕೊನೇವರೆಗೂ?”

“ಹೂಂ. ಕೂತಿದ್ದೆ.”

“ಯಾರೋ ಚೀಟಿ ಕಳಿಸಿದ್ರು ನೋಡು. ಕನ್ನಡದಲ್ಲಿತ್ತು.”

ಹೇಳಿಬಿಡಬಹುದಿತ್ತು. ರೈಲಿನ ಸದ್ದಿತ್ತು, ಅರ್ಧ ಮಾತು ಅದರಲ್ಲೇ ಮುಚ್ಚಿಹೋಗುತ್ತಿತ್ತು. ಇಪ್ಪತ್ತು ವರ್ಷದ ಹಿಂದಿನದನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿ ಮುಗಿಸುವಂಥ ಜಾಗ ಅದು. ಮೆಟ್ರೊದ ಮೈಕಿನಲ್ಲಿ ಹೆಂಗಸೊಬ್ಬಳು ಮುಂದಿನ ಸ್ಟೇಷನ್ನಿನ ಹೆಸರು ಹೇಳಿದಳು. ನಾನು ಅದನ್ನೇ ಗಮನವಿಟ್ಟು ಕೇಳಿದೆ.

ನಳಿನಿಯೇ ಹೇಳಿದಳು. “ಬಿಡು. ದೆಹಲೀಲಿ ಕನ್ನಡದವ್ರು ಬೇಕಾದಷ್ಟು ಜನ ಇದಾರೆ.”

“ಇರ್ತಾರೆ, ಇರ್ತಾರೆ” ಅಂದೆ.

ಇರಾ ಕಿಟಕಿಯ ಕಡೆ ತಿರುಗಿಕೊಂಡು, “ಸಬ್‌ಕೇ ಕಾನ್ ಪೇ ಪೆನ್ಸಿಲ್ ಹೋತೀ ಹೈ” ಅಂದಳು. ಎಲ್ಲರ ಕಿವಿಯ ಮೇಲೂ ಪೆನ್ಸಿಲ್ ಇರುತ್ತದಂತೆ. ನಳಿನಿ ಅವಳ ತೊಡೆಗೆ ಮೆಲ್ಲಗೆ ಚಿವುಟಿದಳು. ನಾನು ಕಾಣದವನ ಹಾಗೆ ಕೂತೆ. ಪೀತಮ್‌ಪುರ ಬರುವವರೆಗೂ ಪೆನ್ಸಿಲನ್ನು ಕಿವಿಯಿಂದ ತೆಗೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಮಾರನೆಯ ದಿನ ಸ್ಟೇಷನ್ನಿಗೆ ನಳಿನಿ ಆಫೀಸಿಗೆ ರಜೆ ಹಾಕಿ ಬಂದಳು. ಚಪಾತಿ, ಪಲ್ಯ, ಬಾಟಲಿಯಲ್ಲಿ ಬಿಸಿನೀರು ಕೊಟ್ಟಳು. “ಸ್ವೆಟರ್ ತೆಗೀಬೇಡ, ಝಾನ್ಸಿವರೆಗೂ ಚಳಿ” ಅಂದಳು. ಆಗಲೂ ನಾನು ಹೇಳಲಿಲ್ಲ.

ಭೋಪಾಲ ದಾಟಿದ ಮೇಲೆ

ಬೆಳಿಗ್ಗೆ ಚಹಾ ಕುಡಿದು ಫೋನಿನಲ್ಲಿ ಹಳೆಯ ರೆಕಾರ್ಡಿಂಗ್ ಹುಡುಕಿದೆ. ದಸರೆಯ ನಂತರ ಬಂದದ್ದು, ನಲವತ್ತೊಂದು ನಿಮಿಷದ್ದು. ಅದರ ಕೆಳಗೆ ನನ್ನ ‘ಬೆಂಕಿ’ ಹಾಗೇ ಇತ್ತು. ಅವಳು “ಏನೂ ಅನ್ನಿಸ್ಲಿಲ್ವಾ” ಅಂತ ಯಾಕೆ ಕೇಳಿದ್ದಳು ಎನ್ನುವುದು ಈಗ ಗೊತ್ತಾಗಿತ್ತು. ಮುಂದಕ್ಕೆ ಓಡಿಸಬಾರದು ಎಂದು ಫೋನನ್ನು ಸಣ್ಣ ಮೇಜಿನ ಮೇಲೆ ಇಟ್ಟು ಎರಡು ಕೈ ಕಟ್ಟಿಕೊಂಡು ಕೂತೆ.

ಕಬೀರ್ ಒಂದೇ ಸ್ವರ ಮೀಟಿದ. ಕಾದ. ಮತ್ತೆ ಮೀಟಿದ. ಎದುರಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರು ಎರಡು ಸಲ ತಲೆ ಎತ್ತಿ ನೋಡಿದರು. ಹೊರಗೆ ಗೋಧಿ ಹೊಲ, ಮತ್ತೆ ಗೋಧಿ ಹೊಲ. ಇಪ್ಪತ್ತನೆಯ ನಿಮಿಷಕ್ಕೆ ಅವರು ಪೇಪರ್ ಮಡಿಸಿ ಕೇಳಿದರು, “ಭಾಯಿಸಾಬ್, ಯೇ ಗಾನಾ ಖತಮ್ ಕಬ್ ಹೋಗಾ?”

“ಬಾಕಿ ಹೈ,” ಅಂದೆ. “ಬೈಠಿಯೇ.”

ಅವರು ಕೂತೇ ಇದ್ದರು ಪಾಪ, ರೈಲಿನಲ್ಲಿ ಎಲ್ಲಿಗೆ ಹೋಗುತ್ತಾರೆ.

ಮೂವತ್ತೊಂದನೆಯ ನಿಮಿಷಕ್ಕೆ ಡ್ರಮ್ಮು ನಿಂತಿತು, ಬೇಸ್ ನಿಂತಿತು. ಕೀಬೋರ್ಡಿನ ಒಂದು ಎಳೆ. ನಾನು ಚೀಟಿ ಬರೆದ ಜಾಗ. ಅದರ ಮೇಲೆ ನನ್ನ ತಂಗಿಯ ಹಾಡುವ ದನಿ ಬಂತು. ಇಪ್ಪತ್ತು ವರ್ಷ ನಾನು ಕೇಳದ ದನಿ.

ಅವಳು ಮೊದಲಿನಿಂದ ಶುರುಮಾಡಲಿಲ್ಲ. ಉಪ್ಪಿಲ್ಲ, ಬೆಂಕಿಯಿಲ್ಲ. ‘ಮೂರನೆ ಮನೆಯಾಕೆ’ ಎನ್ನುವಲ್ಲಿ ನಾನು ಕಡಿದ ಸಾಲಿನ ಉಳಿದರ್ಧದಿಂದ ಎತ್ತಿಕೊಂಡಳು.

*ಮೊರವ ಕೊಟ್ಟಳು,*
*ನಾಲ್ಕನೆ ಮನೆಯಾಕೆ ನೀರು ಕೊಟ್ಟಳು.*

ಐದನೆ ಮನೆಯಲ್ಲಿ ಅಕ್ಕಿ. ಆರನೆ ಮನೆಯಲ್ಲಿ ಹೂವು. ದೆಹಲಿಯ ಜನ, ಒಂದು ಅಕ್ಷರವೂ ಅರ್ಥವಾಗದವರು, ಹಿಂದೆ ಸುಮ್ಮನಿದ್ದರು. ಏಳನೆ ಮನೆಯಲ್ಲಿ ಏನು ಸಿಗುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ಅಮ್ಮ ಅಲ್ಲಿಗೆ ಬರುವ ಹೊತ್ತಿಗೆ ನಾನು ಯಾವಾಗಲೂ ಎದ್ದು ಹೊರಗೆ ಹೋಗಿರುತ್ತಿದ್ದೆ.

*ಏಳನೆ ಮನೆಯು ಅಣ್ಣನ ಮನೆಯು,*
*ಏನೂ ಕೊಡಲಿಲ್ಲ, ಕೂರು ಅಂದನು.*

ಅದನ್ನು ಅವಳು ಎರಡು ಸಲ ಹಾಡಿದಳು. ಆಮೇಲೆ ಡ್ರಮ್ಮು ಬಂತು.

ಎದುರಿನವರು ನೀರಿನ ಬಾಟಲಿಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿ ಕಿಟಕಿಯ ಹೊರಗೆ ನೋಡಿದರು.

ನಾನು ಹಾಡು ನಿಲ್ಲಿಸಿ ನಳಿನಿಗೆ ಬರೆದೆ. ಅಕ್ಷರ ಹುಡುಕಿ ಹುಡುಕಿ ಒತ್ತುವುದರಲ್ಲಿ ಎರಡು ಸ್ಟೇಷನ್ ದಾಟಿದವು. ‘ನಳಿ, ಚೀಟಿ ನಾನೇ ಬರೆದದ್ದು. ಮೊನ್ನೆಯದೂ, ಗಣಪತಿ ಪೆಂಡಾಲಿನದೂ. ಈ ರೆಕಾರ್ಡಿಂಗನ್ನು ಆವತ್ತು ಎರಡೇ ನಿಮಿಷ ಕೇಳಿದ್ದೆ. ಇವತ್ತು ಏಳನೆ ಮನೆಯವರೆಗೂ ಕೇಳಿದೆ.’

ನೆಟ್‌ವರ್ಕ್ ಬಂದು, ಹೋಗಿ, ಮತ್ತೆ ಬಂತು. ಇಟಾರ್ಸಿಯಲ್ಲಿ ಉತ್ತರ ಬಂತು.

‘ಗೊತ್ತು. ಅದಾದ ಮೇಲೂ ಆರು ನಿಮಿಷ ಇದೆ. ಕೂತ್ಕೊಂಡು ಕೇಳು.’

ಕೇಳಿದೆ. ಅಭಿಮಾನಿಯಾಗಿ ಇಷ್ಟು ಹೇಳುವ ಹಕ್ಕು ನನಗಿದೆ. ಆ ಆರು ನಿಮಿಷ ಬೇಕಾಗಿರಲಿಲ್ಲ. ಕಬೀರ್ ಒಬ್ಬನೇ, ಬಹುಶಃ ತನ್ನ ಶೂ ನೋಡಿಕೊಂಡು, ಬಂದ ದಾರಿಯಲ್ಲೇ ಮೂರು ಸಲ ಹೋಗಿ ಬಂದ. ಅದನ್ನು ಒಂದೂವರೆ ನಿಮಿಷಕ್ಕೆ ಮುಗಿಸಬಹುದಿತ್ತು. ನನ್ನ ಪೆನ್ಸಿಲ್ ಜೇಬಿನಲ್ಲೇ ಇತ್ತು. ಕೊನೆಯ ಸ್ವರ ಸತ್ತು, ಜನ ಚಪ್ಪಾಳೆ ತಟ್ಟಿ, ಅದೂ ನಿಂತು, ರೆಕಾರ್ಡಿಂಗ್ ತಾನಾಗಿ ಮುಗಿಯುವವರೆಗೂ ನಾನು ಏಳಲಿಲ್ಲ.